ಅಂಗೈಯಲ್ಲಿ ಹೇಳುವ ಹೆಸರು

ಜನವರಿ ೧೧

ಅಮ್ಮ,

ಆಸ್ಪತ್ರೆಯ ಕೆಲಸಕ್ಕೆ ಒಗ್ಗಿಕೊಂಡೆ. ಕಿವಿ ಕೇಳದ ರೋಗಿಗಳು ಬಂದಾಗ ನನ್ನನ್ನು ಕರೆಯುತ್ತಾರೆ. ವೈದ್ಯರ ಮಾತನ್ನು ಕೈಗೆ ತರಬೇಕು, ರೋಗಿಯ ಕೈಯನ್ನು ಮಾತಿಗೆ ತರಬೇಕು. ಇಲ್ಲಿಯ ವೈದ್ಯರು ರೋಗಿಯನ್ನು ಬಿಟ್ಟು ನನ್ನ ಮುಖ ನೋಡಿಕೊಂಡೇ ಮಾತಾಡುತ್ತಾರೆ. 'ಆಕೆಗೆ ಹೇಳಿ' ಅನ್ನುತ್ತಾರೆ. ನಾನು 'ಆಕೆಗೆ ಹೇಳಿ' ಎಂಬುದನ್ನೂ ಸನ್ನೆ ಮಾಡಿ ತೋರಿಸುತ್ತೇನೆ. ರೋಗಿಗಳು ನಗುತ್ತಾರೆ, ವೈದ್ಯರಿಗೆ ಯಾಕೆಂದು ತಿಳಿಯುವುದಿಲ್ಲ.

ನಿನಗೆ ಮುಖ್ಯವಾಗಿ ಹೇಳಬೇಕಾದ ವಿಷಯ ಬೇರೆ. ಭಾನುವಾರದ ಪ್ರಾರ್ಥನೆಗೆ ಇಲ್ಲೊಂದು ಸಭೆ ಸಿಕ್ಕಿದೆ. ಅದು ಸೇರುವ ಜಾಗ ಮೊದಲು ನೂಲಿನ ಗೋದಾಮಾಗಿತ್ತಂತೆ, ಈಗಲೂ ತೊಲೆಗಳ ಸಂದಿಯಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡಿದೆ. ಮೊದಲ ಭಾನುವಾರ ನಾನು ಹಿಂದಿನ ಸಾಲಿನಲ್ಲಿ ನಿಂತು, ಪಕ್ಕದಲ್ಲಿದ್ದ ಇಬ್ಬರು ಕಿವುಡು ಹೆಂಗಸರಿಗೆ ಸನ್ನೆಯಲ್ಲಿ ಬೋಧನೆ ಹೇಳುತ್ತಿದ್ದೆ. ಬೋಧಕರು ಮಾತು ನಿಲ್ಲಿಸಿ ವೇದಿಕೆಯಿಂದ ಇಳಿದು ನೇರ ನನ್ನ ಹತ್ತಿರ ಬಂದರು. ಜನರ ಗಮನ ಕೆಡಿಸಿದೆನೆಂದು ಬೈಯುತ್ತಾರೆ ಅಂದುಕೊಂಡೆ.

"ಕತ್ತಲಲ್ಲಿ ಯಾಕಮ್ಮ ಮಾತಾಡ್ತೀಯ? ಬೆಳಕಿಗೆ ಬಾ" ಅಂದರು.

ಮುಂದಿನ ವಾರ ಹೋದಾಗ ಮುಂದಿನ ಸಾಲು ಪೂರ್ತಿ ಕಿವುಡರಿಗೆ ಬಿಟ್ಟಿತ್ತು. ವೇದಿಕೆಯ ಬದಿಯಲ್ಲಿ ನನಗೊಂದು ಸ್ಟೂಲು, ನನ್ನ ಕೈಗಳ ಮೇಲೆ ಬೀಳುವಂತೆ ಒಂದು ದೀಪ. ಇಷ್ಟು ವರ್ಷದಲ್ಲಿ ಯಾವ ಸಭೆಯಾದರೂ ಇದನ್ನು ಮಾಡಿತ್ತಾ, ಹೇಳು. ಇರಲು ಮಹಡಿಯ ಮೇಲೆ ಹೆಣ್ಣುಮಕ್ಕಳ ಕೋಣೆಗಳಲ್ಲಿ ನನಗೂ ಒಂದು ಕೊಟ್ಟಿದ್ದಾರೆ.

ನಿನ್ನ ಗುಬ್ಬಿ


ಜನವರಿ ೨೩

ಗುಬ್ಬಿ,

ನಿನ್ನ ಕಾಗದ ಓದಿ ಸಂತೋಷವಾಯಿತು, ಅದಕ್ಕಿಂತ ಹೆಚ್ಚು ಹೊಟ್ಟೆಕಿಚ್ಚಾಯಿತು. ನಾನಿಲ್ಲಿ ಕಂಬದ ಪಕ್ಕ ಕೂತು ನಮ್ಮ ಪಾದ್ರಿಗಳ ತುಟಿ ಓದುತ್ತೇನೆ. ಅವರ ಮೀಸೆ ಸೂರಿನ ಹಾಗೆ ತುಟಿಯ ಮೇಲೆ ಇಳಿದುಬಿಟ್ಟಿದೆ. ಆ ಮೀಸೆಯ ಕೆಳಗಿಂದ ನಾನು ಹೆಕ್ಕಿಕೊಂಡಿರುವ ಉಪದೇಶಕ್ಕೂ ಅವರು ಕೊಟ್ಟ ಉಪದೇಶಕ್ಕೂ ಏನಾದರೂ ಸಂಬಂಧ ಇದೆಯೋ ಇಲ್ಲವೋ, ದೇವರೇ ಬಲ್ಲ.

ಪುಸ್ತಕಕ್ಕೆ ರಟ್ಟು ಕಟ್ಟುವ ನಮ್ಮ ಅಂಗಡಿಯಲ್ಲಿ ಕೆಲಸ ಜೋರಾಗಿದೆ. ಶಾಲೆಯ ಪುಸ್ತಕಗಳೆಲ್ಲ ಬೆನ್ನು ಮುರಿದುಕೊಂಡು ಬಂದಿವೆ. ಹೊಲಿದು ಹೊಲಿದು ಬೆರಳಿನ ತುದಿಗಳು ಒರಟಾಗಿವೆ. ಸನ್ನೆ ಮಾಡಿದರೆ ನನ್ನ ಮಾತೇ ಗೊಗ್ಗರು ಅನ್ನಿಸುತ್ತದೆ.

ಆ ಬೋಧಕನಿಗೆ ನನ್ನ ನಮಸ್ಕಾರ ತಿಳಿಸು. ವೇದಿಕೆ ಬಿಟ್ಟು ಇಳಿದು ಬಂದನಲ್ಲ, ಅದು ಎಲ್ಲರಿಂದಲೂ ಆಗುವ ಕೆಲಸವಲ್ಲ.

ಒಂದು ಮಾತು ಕೇಳಲೇ? ದೀಪದ ವಿಷಯ ಬರೆದೆ, ಸ್ಟೂಲಿನ ವಿಷಯ ಬರೆದೆ, ತೊಲೆಯ ಹತ್ತಿಯನ್ನೂ ಬಿಡಲಿಲ್ಲ. ಆತ ಯೇಸುವಿನ ವಿಷಯ ಏನು ಹೇಳುತ್ತಾನೆ ಅನ್ನುವುದನ್ನು ಮಾತ್ರ ಬರೆಯಲಿಲ್ಲ. ಮುಂದಿನ ಸಲ ಅದನ್ನೂ ಒಂದು ಸಾಲು ಹಾಕು.

ನಿನ್ನ ಬಾಯಿಬಡುಕಿ ಅಮ್ಮ


ಮಾರ್ಚ್ ೪

ಅಮ್ಮ,

ಉತ್ತರ ತಡವಾಯಿತು. ಕೆಲಸ ಇತ್ತು ಅಂತ ಬರೆಯಬಹುದು, ಆದರೆ ನೀನು ನಂಬುವುದಿಲ್ಲ.

ನೀನು ಕೇಳಿದ ಒಂದು ಸಾಲಿಗಾಗಿಯೇ ಕಾಯುತ್ತಿದ್ದೆ. ಮೊದಮೊದಲು ಅವರು ಪ್ರೀತಿ, ಕ್ಷಮೆ, ನೆರೆಯವರು ಇಂಥವನ್ನೇ ಹೇಳುತ್ತಿದ್ದರು, ಕೈ ತಾನಾಗಿ ಓಡುತ್ತಿತ್ತು. ಕಳೆದ ತಿಂಗಳಿಂದ ಹೊಸ ಪಾಠ ಶುರುವಾಗಿದೆ. ಯೇಸುಸ್ವಾಮಿಗೆ ನಮ್ಮಂಥ ಮೈ ಇರಲೇ ಇಲ್ಲವಂತೆ. ಕಂಡದ್ದು ಬರೀ ತೋರಿಕೆ, ನೀರಿನಲ್ಲಿ ಕಾಣುವ ದೀಪದ ಹಾಗೆ. ಶಿಲುಬೆಯ ಮೇಲೆ ಮೊಳೆ ಹೊಡೆದದ್ದು ನೆರಳಿಗೆ, ಆತ ದೂರದಲ್ಲಿ ನಿಂತು ಮುಗುಳ್ನಗುತ್ತಿದ್ದನಂತೆ. ಆದ್ದರಿಂದ ನಿಜವಾಗಿ ನಂಬಿದವರಿಗೂ ನೋವು ಇರುವುದಿಲ್ಲ, ಇದ್ದರೆ ಅದು ನಂಬಿಕೆಯ ಕೊರತೆ. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಅವರು ಹೇಳುವ ರೀತಿ ಹೇಗಿರುತ್ತದೆ ಅಂದರೆ, ನನಗೂ ತಟ್ಟಬೇಕು ಅನ್ನಿಸಿತು. ಕೈ ಖಾಲಿ ಇರಲಿಲ್ಲ, ಅಷ್ಟೇ.

ನಮ್ಮ ಸಾಲಿನಲ್ಲಿ ಒಬ್ಬಾಕೆ ಬರುತ್ತಾಳೆ, ಬಟ್ಟೆ ಇಸ್ತ್ರಿ ಮಾಡುವವಳು. ಮಂಡಿ ಬಾತು ತಿಂಗಳುಗಳಾಗಿವೆ. ಮೊದಲು ಬಂದ ಕೂಡಲೇ ನನಗೆ ಮಂಡಿಯ ಕತೆ ಹೇಳುತ್ತಿದ್ದಳು. ಈಗ ಕೇಳಿದರೆ 'ಚೆನ್ನಾಗಿದೆ' ಅಂತ ಸನ್ನೆ ಮಾಡಿ, ಬೆಂಚು ಹಿಡಿದುಕೊಂಡು ಏಳುತ್ತಾಳೆ.

ಇನ್ನೊಂದು ವಿಷಯ. ಹೋದ ವಾರ ಬೋಧಕರು ನನ್ನನ್ನು ಕರೆದು, ಯೇಸುವಿನ ಹೆಸರಿಗೆ ನಾವು ಮಾಡುವ ಸನ್ನೆ ಯಾಕೆ ಹಾಗಿದೆ ಎಂದು ಕೇಳಿದರು. ನಡುಬೆರಳಿನಿಂದ ಒಂದು ಅಂಗೈ ಮುಟ್ಟಿ, ಆಮೇಲೆ ಇನ್ನೊಂದನ್ನು ಮುಟ್ಟುವುದು ಮೊಳೆಯ ಗಾಯ ಎಂದೆ. ಅದನ್ನು ಬಿಟ್ಟುಬಿಡಿ ಅಂದರು. ಬದಲಿಗೆ ಎರಡೂ ಕೈಗಳನ್ನು ಹಣೆಯ ಮೇಲೆ ಎತ್ತಿ, ಬೆಳಕು ಚೆಲ್ಲುವ ಹಾಗೆ ಬೆರಳು ಬಿಡಿಸಬೇಕಂತೆ. ಮುಂದಿನ ತಿಂಗಳ ದೊಡ್ಡ ಕೂಟದಿಂದ ಇದೇ ಸನ್ನೆ.

ನೋಡಲು ಅದು ಬಹಳ ಚೆನ್ನಾಗಿದೆ ಅಮ್ಮ. ಕನ್ನಡಿಯ ಮುಂದೆ ಮಾಡಿ ನೋಡಿದೆ. ಚೆನ್ನಾಗಿರುವುದು ತಪ್ಪು ಹೇಗಾಗುತ್ತದೆ ಎಂದು ನನಗೆ ಹೇಳಲು ಬರುತ್ತಿಲ್ಲ.

ಗುಬ್ಬಿ


ಮಾರ್ಚ್ ೧೩

ಗುಬ್ಬಿ,

ಆತ ಒಳ್ಳೆಯವನು ಎಂದು ನೀನು ಬರೆದದ್ದನ್ನು ನಾನು ಈಗಲೂ ನಂಬುತ್ತೇನೆ. ಕೆಟ್ಟವನಾಗಿದ್ದರೆ ನಿನಗೆ ಇಷ್ಟು ಉದ್ದದ ಕಾಗದ ಬರೆಯುವ ಶ್ರಮ ಇರುತ್ತಿರಲಿಲ್ಲ. ಆದರೆ ಆತನ ಒಳ್ಳೆಯತನವನ್ನು ಒಂದು ಕಡೆ ಇಡು, ಆತನ ಮಾತನ್ನು ಇನ್ನೊಂದು ಕಡೆ ಇಟ್ಟು ನೋಡು. ಒಂದರ ಹೊದಿಕೆಯಲ್ಲಿ ಇನ್ನೊಂದು ಒಳಗೆ ಬಂದುಬಿಡುತ್ತದೆ.

ಸುವಾರ್ತೆ ತೆಗೆದು ಓದು. ನನ್ನ ಮಾತೂ ಬೇಡ, ಆತನ ಮಾತೂ ಬೇಡ. ಅಲ್ಲಿರುವ ಯೇಸುವಿಗೆ ಹಸಿವಾಗುತ್ತದೆ. ದಾರಿ ನಡೆದು ಸುಸ್ತಾಗಿ ಬಾವಿಯ ಪಕ್ಕ ಕೂರುತ್ತಾನೆ, ಗುರುತಿಲ್ಲದ ಹೆಂಗಸಿನ ಹತ್ತಿರ ನೀರು ಕೇಳುತ್ತಾನೆ. ಬಿರುಗಾಳಿ ಬೀಸುತ್ತಿದ್ದರೂ ದೋಣಿಯಲ್ಲಿ ನಿದ್ದೆ ಹೋಗುತ್ತಾನೆ, ಅಷ್ಟು ದಣಿದಿದ್ದಾನೆ. ಗೆಳೆಯನ ಸಮಾಧಿಯ ಮುಂದೆ ನಿಂತು ಅಳುತ್ತಾನೆ. ಗೆಳೆಯನನ್ನು ಈಗ ಬದುಕಿಸಿ ಎಬ್ಬಿಸುತ್ತೇನೆಂದು ಗೊತ್ತಿದ್ದೂ ಅಳುತ್ತಾನೆ, ಗುಬ್ಬಿ. ಆ ಅಳುವನ್ನು ತೋರಿಕೆ ಅನ್ನುವವರಿಗೆ ನಾನು ಏನು ಹೇಳಲಿ?

ಆಮೇಲೆ ಸತ್ತು ಎದ್ದು ಬಂದನಲ್ಲ, ಅದನ್ನು ನಿಧಾನವಾಗಿ ಓದು. ನಂಬದ ಶಿಷ್ಯನಿಗೆ ಏನು ತೋರಿಸಿದ? ಬೆಳಕು ತೋರಿಸಲಿಲ್ಲ, ಕೈ ತೋರಿಸಿದ. ಸಾವನ್ನೇ ಗೆದ್ದವನಿಗೆ ಆ ಗಾಯ ಮಾಯಿಸಿಕೊಳ್ಳುವುದು ಎಷ್ಟರ ಕೆಲಸ? ಮಾಯಿಸಿಕೊಳ್ಳಲಿಲ್ಲ, ಉಳಿಸಿಕೊಂಡ. ತಿನ್ನಲು ಏನಾದರೂ ಇದೆಯಾ ಎಂದೂ ಕೇಳಿದ. ನೆರಳು ಊಟ ಕೇಳುವುದಿಲ್ಲ.

ಇದು ಹೊಸ ಉಪದೇಶವೂ ಅಲ್ಲ. ಆತನ ಜೊತೆ ಉಂಡು ತಿರುಗಿದವರು ಇನ್ನೂ ಬದುಕಿರುವಾಗಲೇ ಇದನ್ನು ಹೇಳುವವರು ಬಂದಿದ್ದರು. ಶಿಷ್ಯರು ಆಗಲೇ ಸಭೆಗಳಿಗೆ ಬರೆದು ಎಚ್ಚರಿಸಿದರು: ಯೇಸು ಮೈ ಹೊತ್ತು ಬಂದ ಎಂದು ಒಪ್ಪುತ್ತಾರಾ ಎಂದು ಕೇಳಿ, ಒಪ್ಪದಿದ್ದರೆ ಆ ಮಾತು ದೇವರಿಂದ ಬಂದದ್ದಲ್ಲ ಎಂದು. ಎಷ್ಟು ಜನ ಸೇರುತ್ತಾರೆ, ಮಾತು ಎಷ್ಟು ಸಿಹಿ ಎಂದು ಕೇಳಿ ಅಂತ ಬರೆಯಲಿಲ್ಲ.

ನಿನ್ನ ಅಪ್ಪನ ವಿಷಯ ನಿನಗೆ ಪೂರ್ತಿ ಹೇಳಿಲ್ಲ. ಕಡೆಯ ದಿನ ನಿನ್ನನ್ನು ಔಷಧಿ ತರಲು ಕಳಿಸಿದ್ದೆ. ಕಲ್ಲು ಉಜ್ಜಿ ಉಜ್ಜಿ ದೂಳು ತುಂಬಿದ ಎದೆ, ಒಂದು ಉಸಿರು ಎಳೆಯುವುದೂ ಕೂಲಿ ಕೆಲಸದ ಹಾಗಾಗಿತ್ತು. ಮಾತಾಡಲು ಕೈ ಎತ್ತಬೇಕಲ್ಲ, ಎತ್ತಲು ಆಗಲಿಲ್ಲ. ಹೊದಿಕೆಯ ಮೇಲೆಯೇ ಬೆರಳು ಜರುಗಿಸಿ ಒಂದು ಅಂಗೈ ಮುಟ್ಟಿಕೊಂಡರು. ಇನ್ನೊಂದನ್ನು ಮುಟ್ಟಲು ಬಲ ಸಾಲದೆ ನನ್ನ ಮುಖ ನೋಡಿದರು. ನಾನೇ ಅವರ ಬೆರಳು ಹಿಡಿದು ಮುಟ್ಟಿಸಿದೆ.

ಹೋಗು, ಆತನನ್ನು ನೇರವಾಗಿ ಕೇಳು. ಒಬ್ಬಳೇ ಹೋಗು, ಜನರ ಮುಂದೆ ಬೇಡ. ನೀನು ತಪ್ಪು ಕೇಳಿಸಿಕೊಂಡಿರಬಹುದು. ಕಿವಿ ಇದ್ದವರಿಗೆ ಆ ತೊಂದರೆ ಉಂಟು.

ಅಮ್ಮ


ಮಾರ್ಚ್ ೨೯

ಅಮ್ಮ,

ತಪ್ಪು ಕೇಳಿಸಿಕೊಂಡಿರಲಿಲ್ಲ.

ಸಂಜೆ ಅವರ ಕೋಣೆಗೆ ಹೋದೆ. ತಾವೇ ಎದ್ದು ಚಹಾ ಮಾಡಿಕೊಟ್ಟರು. ನೀನು ಬರೆದದ್ದನ್ನೆಲ್ಲ ನನ್ನ ಮಾತಿನಲ್ಲಿ ಹೇಳಿದೆ: ಬಾವಿ, ದೋಣಿ, ಸಮಾಧಿ, ಎದ್ದು ಬಂದ ಮೇಲೆ ತೋರಿಸಿದ ಕೈ. ಒಂದು ಸಲವೂ ನಡುವೆ ಬಾಯಿ ಹಾಕದೆ ಕೇಳಿದರು. ಹೀಗೆ ಕೇಳಿಸಿಕೊಳ್ಳುವವರು ಅಪರೂಪ, ಅದಕ್ಕೇ ನನಗೆ ಇನ್ನೂ ಸಂಕಟವಾಯಿತು.

ಅವೆಲ್ಲ ಮೊದಲ ಮೆಟ್ಟಿಲು, ಎಳೆಯರಿಗೆ ಹೇಳಿದ್ದು ಎಂದರು. ಶಿಷ್ಯರಿಗೆ ಕಂಡದ್ದು ಅರ್ಧವೇ ಅಂತೆ. ಪೂರ್ತಿಯಾದದ್ದನ್ನು ಯೇಸು ಇವರೊಬ್ಬರಿಗೆ ಪ್ರಾರ್ಥನೆಯಲ್ಲಿ ತೋರಿಸಿದ್ದಾನಂತೆ. ಸುವಾರ್ತೆಯಲ್ಲಿ ಇರುವುದಕ್ಕೂ ಇವರಿಗೆ ತೋರಿಸಿದ್ದಕ್ಕೂ ಹೊಂದದಿದ್ದರೆ ಏನು ಮಾಡಬೇಕು ಎಂದು ಕೇಳಿದೆ. ಹೊಸದನ್ನು ಹಿಡಿಯಬೇಕು ಅಂದರು, ಬಹಳ ಸಹಜವಾಗಿ.

"ನೀನೇ ಯೋಚನೆ ಮಾಡು. ದೇವರು ಎಲ್ಲಾದ್ರೂ ನರಳ್ತಾನಾ? ನರಳೋ ದೇವರಿಂದ ಯಾರಿಗೇನು ಉಪಯೋಗ?"

"ನಮ್ಮಪ್ಪನಿಗಾಯ್ತು" ಅಂದೆ.

ಅಪ್ಪನ ವಿಷಯ ಹೇಳಿದೆ. ಅವರ ಕಣ್ಣಲ್ಲಿ ನೀರು ಬಂತು, ಸುಳ್ಳಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟು, "ಅವರಿಗೆ ಇನ್ನೊಂಚೂರು ನಂಬಿಕೆ ಇದ್ದಿದ್ರೆ ಆ ಕೆಮ್ಮೇ ಇರ್ತಿರಲಿಲ್ಲಮ್ಮ" ಅಂದರು.

ಕರುಣೆಯಿಂದಲೇ ಹೇಳಿದರು. ನಾನು ಚಹಾ ಕುಡಿದು, ಲೋಟ ತೊಳೆದಿಟ್ಟು ಬಂದೆ.

ನಮ್ಮ ಸಾಲಿನ ಹಲ್ಲು ಕಟ್ಟುವಾತನ ಹತ್ತಿರ ಇದನ್ನು ಹೇಳಿದೆ. ದಂತವೈದ್ಯರಿಗೆ ಕೃತಕ ಹಲ್ಲಿನ ಸೆಟ್ಟು ಮಾಡಿಕೊಡುವವನು, ಓದಿಕೊಂಡಿದ್ದಾನೆ, ನಾವೆಲ್ಲ ಅವನ ಮಾತಿಗೆ ತೂಕ ಕೊಡುತ್ತೇವೆ. ಉಪದೇಶ ತಪ್ಪು ಅನ್ನುವುದು ತನಗೂ ಗೊತ್ತು ಅಂದ. ಆಮೇಲೆ ಮುಂದಿನ ಸಾಲಿನ ಕುರ್ಚಿಗಳನ್ನು ಒಂದೊಂದಾಗಿ ತೋರಿಸಿ, 'ಇದು ಬೇರೆ ಎಲ್ಲಿ ಸಿಗುತ್ತೆ?' ಎಂದು ಕೇಳಿದ.

ಕೂಟ ಹತ್ತಿರ ಬಂತು. ನಾನು ಏನು ಮಾಡಲಿ, ಹೇಳು.

ಗುಬ್ಬಿ


ಏಪ್ರಿಲ್ ೫

ಗುಬ್ಬಿ,

ಹೇಳುವುದಿಲ್ಲ.

ಆ ಸ್ಟೂಲಿನ ಮೇಲೆ ಕೂರುವವಳು ನೀನು, ಆ ಕೋಣೆಯಲ್ಲಿ ಮಲಗುವವಳೂ ನೀನು. ಹೊರಗೆ ಬಿದ್ದರೆ ಗಂಟು ಹೊತ್ತು ಬೀದಿಯಲ್ಲಿ ನಿಲ್ಲುವವಳೂ ನೀನೇ. ಇಲ್ಲಿ ಬೆಚ್ಚಗೆ ಕೂತು ಧೈರ್ಯ ಹೇಳಲು ನನಗೆ ನಾಚಿಕೆಯಾಗುತ್ತದೆ. ನೀನು ಬಿಟ್ಟು ಬಂದರೂ ನನ್ನ ಮಗಳು, ಬಿಡದೆ ಉಳಿದರೂ ನನ್ನ ಮಗಳು.

ಅಪ್ಪನ ನಂಬಿಕೆಯ ವಿಷಯ ಆತ ಆಡಿದ ಮಾತಿಗೆ ನಾನು ಉತ್ತರ ಬರೆದೆ. ಆಮೇಲೆ ಹರಿದು ಹಾಕಿದೆ. ಪ್ರಾರ್ಥನೆ ಮಾಡುತ್ತಿದ್ದೇನೆ, ಆತನಿಗೂ ಸೇರಿಸಿ. ಆತನ ಪಾಲಿನದು ಮಾತ್ರ ಸ್ವಲ್ಪ ಹಲ್ಲು ಕಚ್ಚಿಕೊಂಡು.

ಅಮ್ಮ


ಏಪ್ರಿಲ್ ೨೬

ಅಮ್ಮ,

ಈ ಕಾಗದವನ್ನು ಆಸ್ಪತ್ರೆಯ ಮೇಜಿನ ಮೇಲೆ ಬರೆಯುತ್ತಿದ್ದೇನೆ. ವಿಳಾಸ ಬದಲಾಗಿದೆ, ಲಕೋಟೆಯ ಹಿಂದೆ ಹಾಕಿದ್ದೇನೆ.

ಕೂಟದ ದಿನ ಗೋದಾಮು ತುಂಬಿ, ಬಾಗಿಲಾಚೆಯೂ ಜನ ನಿಂತಿದ್ದರು. ಬೇರೆ ಸಭೆಗಳಿಂದಲೂ ಕಿವುಡರು ಬಂದಿದ್ದರು. ನಾನು ಮಾಡಬೇಕಾದ್ದು ಏನೆಂದು ಹೋಗುವವರೆಗೂ ನನಗೆ ಗೊತ್ತಿರಲಿಲ್ಲ. ಮಾತು ತಲುಪಿಸುವುದಷ್ಟೇ ನನ್ನ ಕೆಲಸ, ತಿದ್ದುವುದಲ್ಲ. ಆಸ್ಪತ್ರೆಯಲ್ಲೂ ಅದೇ. ವೈದ್ಯರು ತಪ್ಪು ಹೇಳಿದರೆ ಅದನ್ನೂ ನಾನು ಹಾಗೆಯೇ ಹೇಳಬೇಕು, ಆಮೇಲೆ ಬೇಕಾದರೆ ನನ್ನದೆಂದು ಬೇರೆಯಾಗಿ ಹೇಳಬೇಕು. ಹಾಗೆಯೇ ಮಾಡೋಣ ಅಂದುಕೊಂಡು ಸ್ಟೂಲಿನ ಮೇಲೆ ಕೂತೆ.

ಬೋಧಕರು ಮೊದಲೇ ಹೊಸ ಸನ್ನೆಯನ್ನು ಸಭೆಗೆಲ್ಲ ತೋರಿಸಿದರು. ಸಾವಿರಾರು ಕೈಗಳು ಒಟ್ಟಿಗೆ ಹಣೆಯ ಮೇಲೆ ಅರಳಿದವು. ಕಣ್ಣಿಗೆ ಹಬ್ಬವಾಗಿತ್ತು. ಆಮೇಲೆ ಅವರು ನಿಧಾನವಾಗಿ, ಒಂದೊಂದೇ ಪದ ಬಿಡಿಸಿ, "ಯೇಸುವಿಗೆ ಗಾಯ ಆಗ್ಲೇ ಇಲ್ಲ" ಅಂದರು.

ನನ್ನ ಕೈ ಮೇಲೇರಲಿಲ್ಲ. ಯೋಚನೆ ಮಾಡಿ ನಿಲ್ಲಿಸಿದೆ ಅಂದರೆ ಸುಳ್ಳಾಗುತ್ತದೆ. ಹುಟ್ಟಿದಾಗಿನಿಂದ ನೀವಿಬ್ಬರೂ ಆ ಹೆಸರು ಹೇಳಿದ್ದನ್ನು ಹೇಗೆ ನೋಡಿದ್ದೆನೋ ಹಾಗೆಯೇ ಹೇಳಿದೆ. ಬೆರಳು ಒಂದು ಅಂಗೈ ಮುಟ್ಟಿತು, ಇನ್ನೊಂದನ್ನು ಮುಟ್ಟಿತು. ಅದರ ಹಿಂದೆಯೇ 'ಗಾಯ ಆಗಲೇ ಇಲ್ಲ' ಎಂದು ಸನ್ನೆ ಮಾಡಿದೆ. ಕೈಯಲ್ಲಿ ಆ ವಾಕ್ಯ ಹೇಗಾಯಿತು ಅಂತ ನಿನಗೆ ಬಿಡಿಸಿ ಹೇಳಬೇಕಿಲ್ಲ: ಗಾಯಗೊಂಡವನಿಗೆ ಗಾಯ ಆಗಲಿಲ್ಲ.

ಇಸ್ತ್ರಿಯವಳು ಹುಬ್ಬು ಗಂಟಿಕ್ಕಿ, 'ಯಾರಿಗೆ?' ಎಂದು ಕೇಳಿದಳು. ಮತ್ತೆ ಹೇಳಿದೆ. ಮತ್ತೆ, 'ಯಾರಿಗೆ?' ಬೋಧಕರು ಮುಂದೆ ಹೋಗುತ್ತಿದ್ದರು, ನಾನು ಹಿಂದೆ ಬಿದ್ದೆ. ಅವರು ಮಾತು ನಿಲ್ಲಿಸಿ ನನ್ನತ್ತ ತಿರುಗಿ, "ಏನಾಯ್ತಮ್ಮ?" ಅಂದರು.

ಎದ್ದು ನಿಂತೆ. "ನೀವು ನಮ್ಮನ್ನ ಬೆಳಕಿಗೆ ಕರೆದ್ರಿ, ಅದನ್ನ ಮರೆಯಲ್ಲ. ಆದ್ರೆ ನೀವು ಹೇಳ್ತಿರೋದು ಸುವಾರ್ತೆಯಲ್ಲಿರೋ ಯೇಸುವಿನ ವಿಷಯ ಅಲ್ಲ. ಇದನ್ನ ನನ್ನ ಕೈಯಲ್ಲಿ ಹೇಳಕ್ಕಾಗಲ್ಲ." ಬಾಯಲ್ಲಿ ಆಡಿದ್ದನ್ನೇ ಕೈಯಲ್ಲೂ ಆಡಿದೆ, ಎರಡು ಕಡೆಯವರಿಗೂ ಒಂದೇ ಹೊತ್ತಿಗೆ ತಿಳಿಯಲಿ ಎಂದು.

ಯಾರೂ ಗದರಲಿಲ್ಲ. ಬೋಧಕರ ಮುಖದಲ್ಲಿ ಸಿಟ್ಟಿರಲಿಲ್ಲ, ದುಃಖವಿತ್ತು. ನಾನು ನಡುವಿನ ದಾರಿಯಲ್ಲಿ ನಡೆದು ಹೊರಗೆ ಬಂದೆ. ಹಿಂದೆ ತಿರುಗಿ ನೋಡಲಿಲ್ಲ, ಧೈರ್ಯ ಇರಲಿಲ್ಲ. ಬೀದಿಯಲ್ಲಿ ನಿಂತು ಉಸಿರು ಬಿಟ್ಟಾಗ ಯಾರೋ ಭುಜ ತಟ್ಟಿದರು. ಇಸ್ತ್ರಿಯವಳು, ಗೋಡೆ ಹಿಡಿದುಕೊಂಡು. ಅವಳ ಹಿಂದೆ ನಾಲ್ಕೈದು ಜನ. 'ಮಂಡಿ ನೋಯ್ತಿದೆ, ಎಲ್ಲಾದ್ರೂ ಕೂರಿಸು' ಅಂದಳು.

ಹಲ್ಲು ಕಟ್ಟುವಾತ ಬರಲಿಲ್ಲ. ಬಹಳ ಜನ ಬರಲಿಲ್ಲ.

ಕೋಣೆ ಬಿಡಲು ಯಾರೂ ಹೇಳಲಿಲ್ಲ, ನಾನೇ ಬಿಟ್ಟೆ. ಈಗ ಚಪ್ಪಲಿ ರಿಪೇರಿ ಅಂಗಡಿಯ ಮೇಲಿನ ಕೋಣೆ. ಬೆಳಗಿನ ಜಾವದಿಂದಲೇ ಕೆಳಗೆ ಸುತ್ತಿಗೆ. ನೀನು ಇದ್ದಿದ್ದರೆ ನಿನ್ನ ನಿದ್ದೆಗೆ ಏನೂ ತೊಂದರೆ ಇರುತ್ತಿರಲಿಲ್ಲ.

ಗುಬ್ಬಿ


ಮೇ ೬

ನನ್ನ ಗುಬ್ಬಿ,

ನಿನ್ನ ಕಾಗದವನ್ನು ಅಂಗಡಿಗೆ ತಂದುಕೊಂಡೆ. ಹೊಲಿಗೆಯ ಚೌಕಟ್ಟಿನ ಪಕ್ಕ ಇಟ್ಟುಕೊಂಡು ಓದಿದೆ. ಸೂಜಿ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ, ಆಮೇಲೆ ಯಜಮಾನರು ಅದನ್ನು ನನ್ನ ಸೆರಗಿನಿಂದ ತೆಗೆದುಕೊಟ್ಟರು.

ನಿನಗೆ ಹೆದರಿಕೆಯಾಗಿತ್ತು, ಆದರೂ ಎದ್ದು ನಿಂತೆ. ಅದಕ್ಕಿಂತ ನನಗೆ ದೊಡ್ಡದಾಗಿ ಕಂಡದ್ದು ಇನ್ನೊಂದು: ಮೊದಲು ಆತನ ಉಪಕಾರ ನೆನೆದು, ಆಮೇಲೆ ಆತನ ಮಾತು ತಪ್ಪು ಅಂದೆ. ನಾನಾಗಿದ್ದರೆ ಉಪಕಾರವನ್ನು ಮರೆತುಬಿಡುತ್ತಿದ್ದೆ, ಅಥವಾ ಅದನ್ನೇ ನೆನೆದು ಸುಮ್ಮನೆ ಕೂತುಬಿಡುತ್ತಿದ್ದೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಶಕ್ತಿ ನನ್ನಲ್ಲಿಲ್ಲ. ನಿನ್ನ ಅಪ್ಪನಲ್ಲಿತ್ತು. ನನಗೆ ಹುಟ್ಟಿದವಳಿಂದ ನಾನು ಕಲಿಯುವ ಹಾಗಾಯಿತಲ್ಲ ಎಂದು ಒಬ್ಬಳೇ ಕೂತು ನಕ್ಕೆ.

ನನ್ನ ಚಿಕ್ಕಂದಿನಲ್ಲಿ ಪ್ರಾರ್ಥಿಸಿ ಕಿವಿ ಬರಿಸಲೆಂದು ನನ್ನನ್ನು ಯಾರ್ಯಾರ ಹತ್ತಿರ ಕರೆದುಕೊಂಡು ಹೋಗಿದ್ದರು, ಅವರೆಲ್ಲ ನನ್ನ ಕಿವಿಯ ಹತ್ತಿರ ಏನೇನು ಕೂಗಿದ್ದರು ಅನ್ನುವುದು ಬಿಡು. ಕೂಗಿದ್ದು ನನಗೆ ಕೇಳಿಸಲಿಲ್ಲ, ಅವರ ಮುಖ ಮಾತ್ರ ಕಂಡಿತು. ನಂಬಿಕೆಯಿಲ್ಲದ ಮಗು ಎಂದು ನೋಡುವ ಮುಖ ಹೇಗಿರುತ್ತದೆ ಎಂದು ನನಗೆ ಗೊತ್ತು. ನೀನು ಹೊರಗೆ ನಡೆದೆಯಲ್ಲ, ನನ್ನನ್ನೂ ಕೈಹಿಡಿದು ಕರೆದುಕೊಂಡು ಹೋದ ಹಾಗಾಯಿತು.

ಇಸ್ತ್ರಿಯವಳ ಮಂಡಿಯನ್ನು ನಿನ್ನ ಆಸ್ಪತ್ರೆಯಲ್ಲಿ ತೋರಿಸು. ಪ್ರಾರ್ಥನೆಯನ್ನೂ ಮಾಡು, ಒಂದು ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ.

ನಿನ್ನನ್ನು ಹೆತ್ತದ್ದಕ್ಕೆ ಬೀಗುತ್ತಿರುವ ಅಮ್ಮ


ಆಗಸ್ಟ್ ೧೮

ಅಮ್ಮ,

ಮಂಡಿಯಿಂದ ನೀರು ತೆಗೆದರು, ಈಗ ಆಕೆ ಮೆಟ್ಟಿಲು ಹತ್ತುತ್ತಾಳೆ. ಪೂರ್ತಿ ವಾಸಿಯಾಗುವುದಿಲ್ಲವಂತೆ. ಸಿಕ್ಕಿದವರಿಗೆಲ್ಲ ಮೊದಲಿನ ಹಾಗೆ ಮಂಡಿಯ ಕತೆ ಹೇಳುತ್ತಾಳೆ, ನಾವು ಈಗ ತಪ್ಪಿಸಿಕೊಂಡು ಓಡಾಡುತ್ತೇವೆ.

ಹಳೆಯ ಚರ್ಚಿನ ಪಾಠದ ಕೋಣೆ ನಮಗೆ ಸಿಕ್ಕಿದೆ. ಅಲ್ಲಿಯ ಪಾದ್ರಿಗಳಿಗೆ ವಯಸ್ಸಾಗಿದೆ. ಅವರ ಬೋಧನೆ, ಸತ್ಯ ಹೇಳಬೇಕೆಂದರೆ, ನಿದ್ದೆ ತರಿಸುತ್ತದೆ. ಆದರೆ ಪುಸ್ತಕದಲ್ಲಿ ಇರುವುದನ್ನೇ ಹೇಳುತ್ತಾರೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುತ್ತಾರೆ. ಗುರುವಾರ ನಮ್ಮ ಹತ್ತಿರ ಸನ್ನೆ ಕಲಿಯಲು ಕೂರುತ್ತಾರೆ. 'ಕರ್ತನು' ಎಂದು ಸನ್ನೆ ಮಾಡಲು ಹೋಗಿ, ಬೆರಳು ತಪ್ಪಿ 'ಕತ್ತರಿ' ಅಂದುಬಿಟ್ಟರು. ತಾವೇ ಎಲ್ಲರಿಗಿಂತ ಜೋರಾಗಿ ನಕ್ಕರು.

ಹಲ್ಲು ಕಟ್ಟುವಾತ ಒಂದು ವಾರ ಇಲ್ಲಿಗೆ ಬರುತ್ತಾನೆ, ಒಂದು ವಾರ ಅಲ್ಲಿಗೆ ಹೋಗುತ್ತಾನೆ. ನಾನು ಏನೂ ಕೇಳುವುದಿಲ್ಲ.

ಇವತ್ತಿನದು ಹೇಳಬೇಕು. ಪ್ರಾರ್ಥನೆ ಶುರುವಾದ ಮೇಲೆ ಒಬ್ಬರು ಬಂದು ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತರು. ತಲೆಗೆ ಬಟ್ಟೆ ಹೊದ್ದಿದ್ದರಿಂದ ಮೊದಲು ಗುರುತು ಸಿಗಲಿಲ್ಲ. ನೋಡಿದರೆ ಗೋದಾಮಿನ ಬೋಧಕರ ಹೆಂಡತಿ. ನನಗೆ ದಿಗಿಲಾಯಿತು, ಜಗಳಕ್ಕೆ ಬಂದಿರಬೇಕು ಅಂದುಕೊಂಡೆ. ಪಾದ್ರಿಗಳು ತಮ್ಮ ಮಂದ ದನಿಯಲ್ಲಿ ತೋಟದ ಭಾಗ ಓದುತ್ತಿದ್ದರು: ತನ್ನನ್ನು ಹಿಡಿಯಲು ಜನ ಬರುವ ಮೊದಲು ಯೇಸು ಒಬ್ಬನೇ ಮೊಣಕಾಲೂರಿ, ಬೆವರು ಸುರಿಯುತ್ತ, ಆಗುವುದಾದರೆ ಇದು ತಪ್ಪಲಿ ಎಂದು ತಂದೆಯನ್ನು ಬೇಡಿಕೊಂಡದ್ದು. ನಾನು ಸನ್ನೆ ಮಾಡುತ್ತಿದ್ದೆ, ಕಣ್ಣು ಮಾತ್ರ ಬಾಗಿಲ ಕಡೆಗೇ.

ಓದು ಮುಗಿದ ಮೇಲೆ ಪಾದ್ರಿಗಳು ಎಂದಿನಂತೆ, ಯಾರಿಗಾದರೂ ಏನಾದರೂ ಹೇಳಬೇಕಾ ಎಂದು ಕೇಳಿದರು. ಆಕೆ ಎದ್ದು ನಿಂತರು. ತಲೆಯ ಬಟ್ಟೆ ಸರಿಸಿ, ಮುಂದಿನ ಬೆಂಚಿನ ಬೆನ್ನು ಹಿಡಿದುಕೊಂಡರು. ಜಗಳ ಅಲ್ಲ ಎಂದು ಅಷ್ಟರಲ್ಲಿ ನನಗೆ ತಿಳಿದಿತ್ತು.

"ನನಗೆ ತಲೆನೋವು. ಮದುವೆಗೂ ಮುಂಚಿನಿಂದ ಇದೆ. ಮನೇಲಿ ಹೇಳೋ ಹಾಗಿಲ್ಲ" ಅಂದರು. ಆಮೇಲೆ ಇನ್ನೂ ಮೆಲ್ಲಗೆ, "ತುಂಬ ನೋಯತ್ತೆ."

ಅದನ್ನು ಕೈಗೆ ತರಲು ಯಾರೂ ನನಗೆ ಹೇಳಿರಲಿಲ್ಲ. ಆಕೆ ಕಿವುಡರ ಜೊತೆ ಮಾತಾಡುತ್ತಿರಲಿಲ್ಲ, ಪಾದ್ರಿಗಳ ಜೊತೆ ಮಾತಾಡುತ್ತಿದ್ದರು. ಅಭ್ಯಾಸಬಲ ನೋಡು, ನನ್ನ ಕೈ ಅದನ್ನೂ ಹೇಳಿಬಿಟ್ಟಿತು: ತುಂಬ ನೋಯುತ್ತೆ. ಮುಂದಿನ ಸಾಲಿನವರು ನನ್ನ ಕೈ ನೋಡಿ, ಹಿಂದಕ್ಕೆ ತಿರುಗಿ ಆಕೆಯನ್ನು ನೋಡಿದರು. ಯಾರ ಹೆಂಡತಿ ಎಂದು ಎಲ್ಲರಿಗೂ ಗೊತ್ತು. ಇಸ್ತ್ರಿಯವಳು ಮೊದಲು ಎದ್ದಳು, ಅವಳ ಹಿಂದೆ ಇನ್ನೊಬ್ಬಳು, ಆಮೇಲೆ ಹೆಂಗಸರೆಲ್ಲ. ಬೆಂಚುಗಳ ನಡುವೆ ದಾರಿ ಮಾಡಿಕೊಂಡು ಹೋಗಿ ಆಕೆಯ ಸುತ್ತ ಕೂತರು. ಒಬ್ಬಳು ಆಕೆಯ ತಲೆಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಹಣೆ ಒತ್ತತೊಡಗಿದಳು.

ಪಾದ್ರಿಗಳು ಪುಸ್ತಕ ಮುಚ್ಚಿದರು. ನಾನು ಕೈ ಇಳಿಸಿದೆ. ಅಲ್ಲಿ ತಲುಪಿಸಬೇಕಾದ ಮಾತು ಒಂದೂ ಉಳಿದಿರಲಿಲ್ಲ.

ನಿನ್ನ ಗುಬ್ಬಿ